ಮ್ಯೂನಿಕ್ ಎಸ್7 ವೊಲ್ಫ್‌ರಾಟ್ಸ್‌ಹೌಸನ್ ಲೈನ್ ರಿವ್ಯೂ: ಭಾನುವಾರಕ್ಕೆ ಐದು ಸ್ಟಾರ್, ಸೋಮವಾರಕ್ಕೆ ಎರಡೂವರೆ

ಜರ್ಮನಿಯ ಮ್ಯೂನಿಕ್‌ಗೆ ಹೊಸದಾಗಿ ಬಂದಿರೋ ನಮ್ಮ ಜನ ಈ ಎಸ್7 ಲೈನ್ (ಮ್ಯೂನಿಕ್‌ನಿಂದ ವೊಲ್ಫ್‌ರಾಟ್ಸ್‌ಹೌಸನ್ ಅನ್ನೋ ಊರಿಗೆ ಹೋಗೋ ಎಸ್-ಬಾನ್, ಅಂದ್ರೆ ಲೋಕಲ್ ಟ್ರೈನ್) ಬಗ್ಗೆ ಎರಡು ಪ್ರಶ್ನೆ ಕೇಳ್ತಾ ಇರ್ತಾರೆ. ಒಂದು, ಆ ಕಡೆ ಮನೆ ಮಾಡಿದ್ರೆ ದಿನಾ ಆಫೀಸಿಗೆ ಓಡಾಡ್ಬೋದಾ? ಇನ್ನೊಂದು, ಊರಿಂದ ಅಪ್ಪ ಅಮ್ಮ ಬಂದಿದಾರೆ, ಒಂದಿನ ಎಲ್ಲಿಗಾದ್ರೂ ಕರ್ಕೊಂಡ್ ಹೋಗ್ಬೇಕು, ಈ ಲೈನ್ ಹೇಗಿದೆ? ಎರಡನೇದಕ್ಕೆ ಕಣ್ಮುಚ್ಕೊಂಡು ಹೋಗಿ ಅಂತೀನಿ. ಮೊದಲನೇದಕ್ಕೆ ಸ್ವಲ್ಪ ಯೋಚ್ನೆ ಮಾಡಿ. ಯಾಕೆ ಅಂತ ಹೇಳ್ಬೇಕಂದ್ರೆ ಈ ಲೈನಿನ ಜಾತಕ ಹೇಳ್ಬೇಕು, ಯಾಕಂದ್ರೆ ಇದರ ಒಳ್ಳೇದು ಕೆಟ್ಟದ್ದು ಎರಡೂ ಹುಟ್ಟಿದಾಗ್ಲೇ ಬಂದಿದ್ದು.

ಇದು ಸರ್ಕಾರ ಹಾಕಿದ್ ಲೈನ್ ಅಲ್ಲ ರೀ. ಕ್ರೌಸ್ ಅಂತ ಮ್ಯೂನಿಕ್‌ನಲ್ಲಿ ಸ್ಟೀಮ್ ಇಂಜಿನ್ ಮಾಡೋ ಕಂಪನಿ ಇತ್ತು, ಅವ್ರು 1887ರಲ್ಲಿ ಲೋಕಲ್‌ಬಾನ್ ಅಂತ ಒಂದು ಷೇರ್ ಕಂಪನಿ ಶುರು ಮಾಡಿದ್ರು. ಅಂದ್ರೆ ಇಂಜಿನ್ ಮಾರೋರೇ ಇಂಜಿನ್ ಓಡ್ಸೋಕೆ ಸಣ್ಣ ಸಣ್ಣ ಲೈನ್‌ಗಳನ್ನೂ ಹಾಕ್ಸಿದ್ರು, ಬಿಸಿನೆಸ್ ತಲೆ ನೋಡಿ. ಆ ಕಂಪನಿ 1891ರಲ್ಲಿ ಮ್ಯೂನಿಕ್‌ನ ದಕ್ಷಿಣದ ಅಂಚಿನಿಂದ ಇಸಾರ್ ನದಿ ಪಕ್ಕದ ಎತ್ತರದ ದಂಡೆ ಮೇಲೆ ವೊಲ್ಫ್‌ರಾಟ್ಸ್‌ಹೌಸನ್ ತನಕ ಟ್ರೈನ್ ಬಿಡ್ತು, ಆಮೇಲೆ 1897ರಲ್ಲಿ ಬೊಯರ್‌ಬೆರ್ಗ್ ತನಕ, 1898ರಲ್ಲಿ ಬಿಖ್ಲ್ ತನಕ ಎಳ್ಕೊಂಡ್ ಹೋಯ್ತು, ಒಟ್ಟು 50 ಕಿಲೋಮೀಟರ್ ಹತ್ರ. ಹೆಸರು ಇಸಾರ್ಟಾಲ್‌ಬಾನ್, ಇಸಾರ್ ಕಣಿವೆ ರೈಲು. ಹಳಬರು ಇವತ್ತಿಗೂ ಹಾಗೇ ಕರೀತಾರೆ, ಎಸ್7 ಅನ್ನೋದೆಲ್ಲ ನಮ್ಮಂಥ ಆ್ಯಪ್ ನೋಡಿ ಓಡಾಡೋರು.

ದುಡ್ಡು ಎಲ್ಲಿಂದ ಬರ್ತಿತ್ತು ಅಂದ್ರೆ ಭಾನುವಾರದಿಂದ. ಮ್ಯೂನಿಕ್ ಜನ ವಾರಾಂತ್ಯ ಬಂದ್ರೆ ಸಾಕು, ಹೊಳೆ ದಂಡೆಗೆ, ಕಾಡಿಗೆ, ಬಿಯರ್ ಗಾರ್ಡನ್‌ಗೆ ಗುಂಪು ಗುಂಪಾಗಿ ಹೊರಡ್ತಿದ್ರು, ಟ್ರೈನ್ ತುಂಬಿ ತುಳುಕ್ತಿತ್ತು. ಜೊತೆಗೆ ಯಾಕೋಬ್ ಹೈಲ್‌ಮನ್ ಅನ್ನೋ ಬಿಲ್ಡರ್ ಅಲ್ಲೇ ನದಿ ಮೇಲ್ಗಡೆ ಶ್ರೀಮಂತರಿಗೆ ಬಂಗ್ಲೆ ಕಾಲನಿ ಕಟ್ಟಿ, ಕೆಳಗಡೆ ನದಿ ನೀರಲ್ಲಿ ಕರೆಂಟ್ ತೆಗೆಯೋ ಇಸಾರ್‌ವೆರ್ಕೆ ಅನ್ನೋ ಕಂಪನೀನೂ 1894ರಲ್ಲಿ ಶುರು ಮಾಡ್ದ. ಸೈಟ್ ಮಾರೋನು, ಕರೆಂಟ್ ಮಾರೋನು, ಟಿಕೆಟ್ ಮಾರೋನು ಮೂರೂ ಜನ ಒಂದೇ ಕಣಿವೇಲಿ ಸೇರಿದ್ರೆ ಏನಾಗತ್ತೋ ಅದೇ ಆಯ್ತು, 1900ರಲ್ಲೇ ಹ್ಯೋಲ್‌ರೀಗೆಲ್ಸ್‌ಕ್ರೊಯ್ತ್ ತನಕ ಕರೆಂಟ್ ಟ್ರೈನ್ ಓಡೋಕೆ ಶುರು ಆಯ್ತು. (ಈ ಸ್ಟೇಷನ್ ಹೆಸರು ಒಂದೇ ಉಸಿರಲ್ಲಿ ಹೇಳೋಕೆ ಬಂದ್ರೆ ನಿಮಗೆ ಜರ್ಮನ್ ಬಂತು ಅಂತ ಲೆಕ್ಕ.) ಇದೇ ಲೋಕಲ್‌ಬಾನ್ ಕಂಪನಿ 1905ರಲ್ಲಿ ಮುರ್ನಾವ್‌ನಿಂದ ಒಬರ್‌ಅಮ್ಮರ್‌ಗೌಗೆ ಎಸಿ ಕರೆಂಟಲ್ಲಿ ಟ್ರೈನ್ ಓಡಿಸ್ತು, ಜರ್ಮನಿ ರೈಲ್ವೆ ಹಿಸ್ಟರೀಲಿ ಅದು ದೊಡ್ಡ ವಿಷಯ. ಕೊನೆಗೆ 1938ರಲ್ಲಿ ಕಂಪನೀನ ಸರ್ಕಾರಿ ರೈಲ್ವೆ ನುಂಗ್ಕೊಂಡ್ತು.

ಈಗ ಇದರಲ್ಲಿ ನಮಗೆ ಬೇಕಾಗಿರೋ ಪಾಯಿಂಟ್ ಏನಂದ್ರೆ, ಖಾಸಗಿ ಕಂಪನಿ ಕಮ್ಮಿ ಖರ್ಚಲ್ಲಿ ಸಿಂಗಲ್ ಟ್ರ್ಯಾಕ್ ಹಾಕಿದ್ದು, ಬೆಟ್ಟದ ಅಂಚಲ್ಲಿ ತಿರುವು ತಿರುವು ಸುತ್ಕೊಂಡು ಹೋಗೋದು. ಹ್ಯೋಲ್‌ರೀಗೆಲ್ಸ್‌ಕ್ರೊಯ್ತ್ ದಾಟಿದ್ ಮೇಲೆ ಇವತ್ತಿಗೂ ಸಿಂಗಲ್ ಟ್ರ್ಯಾಕೇ. ಎದುರಿಂದ ಬರೋ ಟ್ರೈನು ಸ್ಟೇಷನ್‌ಗೆ ಬಂದು ಪಕ್ಕಕ್ಕೆ ಸರಿಯೋ ತನಕ ನಿಮ್ಮ ಟ್ರೈನ್ ಹೊರಡೋ ಹಾಗಿಲ್ಲ, ಹಾಗಾಗಿ ಒಂದು ಲೇಟಾದ್ರೆ ಇನ್ನೊಂದು ಲೇಟು, ಅದರಿಂದ ಮತ್ತೊಂದು. ಪಿಕ್ನಿಕ್‌ಗೆ ಹೋಗೋನಿಗೆ ಹತ್ತು ನಿಮಿಷ ಲೆಕ್ಕಕ್ಕಿಲ್ಲ, ಒಂಬತ್ತು ಗಂಟೆ ಮೀಟಿಂಗ್ ಇರೋನಿಗೆ ಲೆಕ್ಕ. 2022ರ ಫೆಬ್ರವರಿ 14ರಂದು ಇದೇ ಸಿಂಗಲ್ ಟ್ರ್ಯಾಕ್ ಭಾಗದಲ್ಲಿ, ಎಬನ್‌ಹೌಸನ್-ಶೆಫ್ಟ್‌ಲಾರ್ನ್ ಸ್ಟೇಷನ್ ಹತ್ರ, ಎರಡು ಎಸ್-ಬಾನ್ ಟ್ರೈನ್ ಮುಖಾಮುಖಿ ಡಿಕ್ಕಿ ಹೊಡೆದು ಒಬ್ರು ತೀರ್ಕೊಂಡ್ರು, ತುಂಬಾ ಜನಕ್ಕೆ ಗಾಯ ಆಯ್ತು. ಇದನ್ನ ಹೆದರ್ಸೋಕೆ ಹೇಳ್ತಿಲ್ಲ, ದಿನಾ ಸಾವಿರಾರು ಜನ ಓಡಾಡ್ತಾರೆ, ಆದ್ರೆ ಈ ಲೈನ್ ಬಗ್ಗೆ ಬರೆದು ಇದನ್ನ ಬಿಟ್ಬಿಟ್ರೆ ಸರಿ ಹೋಗಲ್ಲ.

ಹಳೇ ಲೈನ್ ಎಲ್ಲಾ ಉಳ್ಕೊಂಡಿಲ್ಲ. ಬೊಯರ್‌ಬೆರ್ಗ್‌ನಿಂದ ಬಿಖ್ಲ್ ತನಕ 1959ರಲ್ಲೇ ಪ್ಯಾಸೆಂಜರ್ ಟ್ರೈನ್ ನಿಲ್ಸಿದ್ರು, ಮ್ಯೂನಿಕ್ ಕಡೆ ಟಾಲ್‌ಕಿರ್ಖನ್ ಮೂಲಕ ಬರ್ತಿದ್ದ ಹಳೇ ದಾರಿ 1964ರಲ್ಲಿ ಬಿಟ್ಟು ಸೋಲ್ನ್ ಮೂಲಕ ತಿರುಗ್ಸಿದ್ರು. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್ ಬಂತಲ್ಲ, ಆಗ ಊರಿಗೆಲ್ಲ ಎಸ್-ಬಾನ್ ಬಂತು, ಊರ ಮಧ್ಯದಲ್ಲಿ ಸುರಂಗ ಬಂತು, ಆದ್ರೆ ಈ ಲೈನಿಗೆ ಸುರಂಗದೊಳಗೆ ಜಾಗ ಸಿಗ್ಲಿಲ್ಲ. ಎಸ್10 ಅಂತ ನಂಬರ್ ಕೊಟ್ಟು ಮೇನ್ ಸ್ಟೇಷನ್ ಪಕ್ಕದಲ್ಲೇ ನಿಲ್ಲಿಸಿಬಿಟ್ರು, ಅದೇ ವರ್ಷ ವೊಲ್ಫ್‌ರಾಟ್ಸ್‌ಹೌಸನ್‌ನಿಂದ ಬೊಯರ್‌ಬೆರ್ಗ್ ಭಾಗಾನೂ ಕಟ್ ಮಾಡಿದ್ರು. 1981ರಲ್ಲಿ ಮಾತ್ರ ಎಸ್7 ಅಂತ ಆಗಿ ಸುರಂಗಕ್ಕೆ ಎಂಟ್ರಿ ಸಿಕ್ತು. ಅಷ್ಟೊತ್ತಿಗೆ ಹೊಟ್ಟೆ ಭಾಗ ಬಿಟ್ಟು ತಲೆ ಬಾಲ ಎರಡೂ ಹೋಗಿತ್ತು ಅನ್ನಿ. ಒಂದು ಪ್ರಾಕ್ಟಿಕಲ್ ಮಾತು, ಎಲ್ಲಾ ಟ್ರೈನೂ ಯಾವಾಗ್ಲೂ ಸುರಂಗದೊಳಗೆ ಹೋಗಿ ಊರ ಮಧ್ಯದ ಮರೀನ್‌ಪ್ಲಾಟ್ಸ್‌ನಲ್ಲಿ ಇಳ್ಸತ್ತೆ ಅಂತ ಅನ್ಕೋಬೇಡಿ, ಹೊರಡೋ ಮುಂಚೆ ಆ್ಯಪ್‌ನಲ್ಲಿ ಪ್ಲಾಟ್‌ಫಾರ್ಮ್ ನೋಡ್ಕೊಳ್ಳಿ.

ಸರಿ, ಭಾನುವಾರದ ಕಥೆಗೆ ಬರೋಣ. ಮೇನ್ ಸ್ಟೇಷನ್‌ನಿಂದ ಕೊನೇ ಸ್ಟಾಪ್‌ಗೆ ಮುಕ್ಕಾಲು ಗಂಟೆ ಹತ್ರ. ಹಾರಾಸ್, ಸೀಮೆನ್ಸ್‌ವೆರ್ಕೆ ತನಕ ನೋಡೋಕೆ ಏನಿಲ್ಲ, ಫೋನ್ ನೋಡ್ಕೊಂಡು ಕೂತ್ಕೊಳ್ಳಿ. ಸೋಲ್ನ್ ಆದ್ಮೇಲೆ ಎಡಗಡೆ ಕಿಟಕಿ ಹಿಡೀರಿ.

ಗ್ರೋಸ್‌ಹೆಸ್ಸೆಲೋಹೆ ಇಸಾರ್ಟಾಲ್‌ಬಾನ್‌ಹೋಫ್‌ನಲ್ಲಿ ಇಳಿದ್ರೆ ವಾಲ್ಡ್‌ವಿರ್ಟ್‌ಶಾಫ್ಟ್ ಅನ್ನೋ ದೊಡ್ಡ ಬಿಯರ್ ಗಾರ್ಡನ್ ಇದೆ. ಇದರ ಹಿಂದೆ ಒಂದು ಮಜಾ ಕಥೆ ಇದೆ. ಗಲಾಟೆ ಜಾಸ್ತಿ ಅಂತ ಅಕ್ಕಪಕ್ಕದ ಮನೆಯವ್ರು ಕೋರ್ಟಿಗೆ ಹೋಗಿ, ರಾತ್ರಿ ಬೇಗ ಮುಚ್ಬೇಕು ಅಂತ ಆರ್ಡರ್ ಬಂತು, ಅದಕ್ಕೆ 1995ರ ಮೇ ತಿಂಗಳಲ್ಲಿ ಸಾವಿರಾರು ಜನ ಮ್ಯೂನಿಕ್ ಬೀದಿಗಿಳಿದು ಮೆರವಣಿಗೆ ಮಾಡಿದ್ರು. ಬಿಯರ್ ಗಾರ್ಡನ್ ಕ್ರಾಂತಿ ಅಂತಾನೇ ಅದಕ್ಕೆ ಹೆಸರು. ಕೊನೆಗೆ ಬವೇರಿಯಾ (ಮ್ಯೂನಿಕ್ ಇರೋ ರಾಜ್ಯ) ಸರ್ಕಾರ ಬಿಯರ್ ಗಾರ್ಡನ್‌ಗಳಿಗೇ ಅಂತ ಒಂದು ನಿಯಮ ಮಾಡ್ಬೇಕಾಯ್ತು. ನಮ್ಮಂಥೋರಿಗೆ ಇದರಲ್ಲಿ ಅನುಕೂಲ ಏನಂದ್ರೆ, ಬವೇರಿಯಾ ಬಿಯರ್ ಗಾರ್ಡನ್‌ನಲ್ಲಿ ಕುಡಿಯೋದು ಅಲ್ಲೇ ತಗೋಬೇಕು, ತಿನ್ನೋದು ಮನೆಯಿಂದ ತರ್ಬೋದು. ಸೆಲ್ಫ್ ಸರ್ವಿಸ್ ಟೇಬಲ್‌ಗಳಿರೋ ಕಡೆ ಕೂತ್ಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿದ್ರೆ ಯಾರೂ ಏನೂ ಅನ್ನಲ್ಲ. ಬಿಯರ್ ಬೇಡ ಅಂದ್ರೆ ಆಪಲ್ ಜ್ಯೂಸಿಗೆ ಸೋಡಾ ಹಾಕಿ ಕೊಡ್ತಾರೆ, ಅಮ್ಮಂದಿರಿಗೆ ಅದು ಇಷ್ಟ ಆಗತ್ತೆ.

ಮುಂದಿನ ಸ್ಟಾಪ್ ಪುಲ್ಲಾಖ್. ನೋಡೋಕೆ ಸುಮ್ನೆ ಶ್ರೀಮಂತರ ಹಳ್ಳಿ ಥರ ಇದೆ, ಆದ್ರೆ ಜರ್ಮನಿಯ ವಿದೇಶಿ ಗುಪ್ತಚರ ಸಂಸ್ಥೆ ಬಿಎನ್‌ಡಿ ದಶಕಗಳ ಕಾಲ ಇಲ್ಲೇ ಎತ್ತರದ ಗೋಡೆ ಹಿಂದೆ ಕೂತಿತ್ತು. ಆ ಜಾಗ ಮೊದ್ಲು ನಾಝಿ ಪಕ್ಷದ ದೊಡ್ಡ ದೊಡ್ಡವರಿಗೆ ಅಂತ 1930ರ ದಶಕದಲ್ಲಿ ಕಟ್ಟಿದ್ ಕಾಲನಿ, 1947ರಲ್ಲಿ ಗೆಹ್ಲೆನ್ ಅನ್ನೋ ಹಳೇ ಜನರಲ್ ಅಮೆರಿಕದವರ ಬೆಂಬಲದಲ್ಲಿ ತನ್ನ ಗೂಢಚಾರ ತಂಡ ತಂದು ಅಲ್ಲಿ ಕೂರಿಸ್ದ, ಅದೇ ಮುಂದೆ ಬಿಎನ್‌ಡಿ ಆಯ್ತು. ಹೆಡ್ ಆಫೀಸ್ ಬರ್ಲಿನ್‌ಗೆ ಹೋಗಿ 2019ರಲ್ಲಿ ಅಲ್ಲಿ ಉದ್ಘಾಟನೆ ಆಯ್ತು. ಅಂದ್ರೆ ಎಷ್ಟೋ ವರ್ಷ ಈ ಲೈನಿನಲ್ಲಿ ಬೆಳಗ್ಗೆ ಪೇಪರ್ ಓದ್ಕೊಂಡು ಬರ್ತಿದ್ದ ಕೋಟು ಹಾಕಿದ್ ಮಾಮಂದಿರಲ್ಲಿ ಯಾರು ಯಾರೋ!

ಪುಲ್ಲಾಖ್ ಆದ್ಮೇಲೆ ಕಾಡು. ಬುಖನ್‌ಹೈನ್‌ನಲ್ಲಿ ಬಂಡೆ ಹತ್ತೋರು ಹಗ್ಗ ಹೆಗಲಿಗೆ ಹಾಕ್ಕೊಂಡು ಇಳೀತಾರೆ, ಮ್ಯೂನಿಕ್‌ನ ಎಷ್ಟೋ ಪರ್ವತಾರೋಹಿಗಳು ಕೈ ಪಳಗಿಸ್ಕೊಂಡಿದ್ದೇ ಅಲ್ಲಿ. ಎಬನ್‌ಹೌಸನ್‌ನಲ್ಲಿ ಇಳಿದು ಕಾಡು ದಾರೀಲಿ ಕೆಳಗೆ ನಡೆದ್ರೆ ಶೆಫ್ಟ್‌ಲಾರ್ನ್ ಮಠ. 762ರಲ್ಲಿ ಶುರುವಾದ ಮಠ, ಈಗಿರೋ ಚರ್ಚು 18ನೇ ಶತಮಾನದ್ದು, ಒಳಗೆ ಸೀಲಿಂಗ್ ತುಂಬಾ ಚಿತ್ರ, ಬಿಳಿ ಗಾರೆ ಕೆಲಸ, ಚಿನ್ನದ ಬಣ್ಣ, ತಲೆ ಎತ್ಕೊಂಡು ನೋಡಿ ನೋಡಿ ಕತ್ತು ನೋವು ಬರತ್ತೆ. ಇಳಿಯೋದು ಸುಲಭ, ವಾಪಸ್ ಹತ್ತೋದು ಮೊಣಕಾಲು ನೋವಿರೋರಿಗೆ ಕಷ್ಟ, ಹಿರಿಯರು ಜೊತೇಲಿದ್ರೆ ಬಸ್ ಟೈಮಿಂಗ್ ಮೊದ್ಲೇ ನೋಡಿಟ್ಕೊಳ್ಳಿ. ಈ ಲೈನಿನ ಪಕ್ಕದ ಒಂದು ಹೋಟ್ಲಲ್ಲಿ (ಹೆಸರು ಬೇಡ) ವೆಜ್ ಅಂತ ಹೇಳಿ ಹೇಳಿ ಆರ್ಡರ್ ಮಾಡಿದ್ರೂ ಸೂಪ್‌ನಲ್ಲಿ ಹಂದಿ ಮಾಂಸದ ಚೂರು ತೇಲ್ತಾ ಬಂತು. ಕೇಳಿದ್ರೆ ಅದು ರುಚಿಗೆ ಅಷ್ಟೇ ಅಂದ್ರು. ಹಾಗಾಗಿ ಡಬ್ಬಿ ಕಟ್ಕೊಂಡು ಹೋಗೋದೇ ವಾಸಿ ಅಂತ ನನ್ನ ಅಭಿಪ್ರಾಯ. ಚೀಸ್ ಹಾಕಿರೋ ಸ್ಪೆಟ್ಸ್ಲೆ (ನೂಡಲ್ಸ್ ಥರದ್ದು) ಸಿಕ್ಕಿದ್ರೆ ಮಾತ್ರ ತಿನ್ನಿ, ಅದು ಚೆನ್ನಾಗಿರತ್ತೆ, ಅದನ್ನೂ ಬೇಕನ್ ಹಾಕ್ಬೇಡಿ ಅಂತ ಹೇಳಿ ತಗೊಳ್ಳಿ.

ಇಕ್ಕಿಂಗ್ ಹತ್ರ ಆಕಾಶ ತಿಳಿಯಾಗಿದ್ರೆ ಆಲ್ಪ್ಸ್ ಪರ್ವತದ ಸಾಲು ಕಾಣತ್ತೆ, ಅಲ್ಲಿಂದ ಟ್ರೈನ್ ಇಳಿಜಾರಲ್ಲಿ ಸುತ್ಕೊಂಡು ಕೆಳಗಿಳಿದು ವೊಲ್ಫ್‌ರಾಟ್ಸ್‌ಹೌಸನ್ ಸೇರತ್ತೆ. ನನ್ನ ಪ್ರಕಾರ ಇಡೀ ಮ್ಯೂನಿಕ್ ಎಸ್-ಬಾನ್‌ನಲ್ಲಿ ಇಷ್ಟು ಚೆಂದದ ಹತ್ತು ನಿಮಿಷ ಇನ್ನೆಲ್ಲೂ ಇಲ್ಲ.

ವೊಲ್ಫ್‌ರಾಟ್ಸ್‌ಹೌಸನ್ ಚಿಕ್ಕ ಊರು, ಬಣ್ಣ ಬಣ್ಣದ ಮನೆಗಳ ಒಂದು ಹಳೇ ಬೀದಿ, ಪಕ್ಕದಲ್ಲಿ ಲೋಯ್ಸಾಖ್ ನದಿ. ರೈಲು ಬರೋ ಮುಂಚೆ ಇಲ್ಲಿಂದ ಮ್ಯೂನಿಕ್‌ಗೆ ಮರದ ದಿಮ್ಮಿಗಳನ್ನ ಕಟ್ಟಿ ತೆಪ್ಪ ಮಾಡಿ ನದೀಲಿ ಬಿಡ್ತಿದ್ರು, ಸಾಮಾನು ಸರಂಜಾಮು ಎಲ್ಲಾ ಅದ್ರ ಮೇಲೇ. ರೈಲು ಬಂದು ಆ ಕಸುಬು ಮುಗೀತು, ಈಗ ಬೇಸಿಗೇಲಿ ಅದೇ ತೆಪ್ಪದ ಮೇಲೆ ಬಿಯರ್ ಪೀಪಾಯಿ, ಬ್ಯಾಂಡ್ ಸೆಟ್ ಇಟ್ಕೊಂಡು ಟೂರಿಸ್ಟ್‌ಗಳು ಮ್ಯೂನಿಕ್ ಟಾಲ್‌ಕಿರ್ಖನ್ ತನಕ ತೇಲ್ಕೊಂಡ್ ಹೋಗ್ತಾರೆ. ರೇಟು ಕೇಳಿದ್ರೆ ತಲೆ ತಿರುಗತ್ತೆ, ಆಫೀಸ್ ಪಾರ್ಟಿಗೆ ಕಂಪನಿ ಕೊಟ್ರೆ ಹೋಗಿ. ಇಲ್ಲಾಂದ್ರೆ ಇಸಾರ್ ಮತ್ತು ಲೋಯ್ಸಾಖ್ ಸೇರೋ ಪುಪ್ಪ್ಲಿಂಗರ್ ಔ ಕಡೆ ನಡ್ಕೊಂಡು ಹೋಗಿ, ಬಿಳಿ ಜಲ್ಲಿ ಕಲ್ಲು, ಹಸಿರು ನೀರು, ಫ್ರೀ. ಬಿಸಿಲು ಜಾಸ್ತಿ ಇರೋ ದಿನ ಅಲ್ಲಿ ಬಟ್ಟೆ ಇಲ್ದೆ ಮಲ್ಕೊಂಡಿರೋರೂ ಇರ್ತಾರೆ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಮೊದ್ಲೇ ಒಂದು ಮಾತು ಹೇಳಿಟ್ಟಿರಿ.

ರಾಜಕೀಯದ ಹುಚ್ಚಿರೋರಿಗೆ ಇನ್ನೊಂದು. 2002ರ ಜನವರಿಯಲ್ಲಿ ಆಂಗೆಲಾ ಮೆರ್ಕೆಲ್ ಇದೇ ಊರಿಗೆ, ಆಗಿನ ಬವೇರಿಯಾ ಮುಖ್ಯಮಂತ್ರಿ ಎಡ್ಮುಂಡ್ ಸ್ಟೊಯ್ಬರ್ ಮನೆಗೆ ತಿಂಡಿಗೆ ಬಂದು, ಚಾನ್ಸೆಲರ್ ಅಭ್ಯರ್ಥಿ ನೀವೇ ಆಗಿ ಅಂತ ಬಿಟ್ಕೊಟ್ರು. ಸ್ಟೊಯ್ಬರ್ ಸೋತ್ರು, ಮೆರ್ಕೆಲ್ ಆಮೇಲೆ 16 ವರ್ಷ ಆಳಿದ್ರು, ಲೆಕ್ಕ ಹಾಕ್ಕೊಳ್ಳಿ ಆ ತಿಂಡಿ ಯಾರಿಗೆ ದಕ್ಕಿತು ಅಂತ. ಅದೇ ಸ್ಟೊಯ್ಬರ್ ಮ್ಯೂನಿಕ್ ಏರ್‌ಪೋರ್ಟ್‌ಗೆ ಹತ್ತು ನಿಮಿಷದಲ್ಲಿ ಹೋಗೋ ಮ್ಯಾಗ್ನೆಟ್ ಟ್ರೈನ್ ತರ್ತೀನಿ ಅಂತ ಓಡಾಡಿದ್ದು, ಖರ್ಚು ನೋಡಿ 2008ರಲ್ಲಿ ಅದನ್ನ ಕೈ ಬಿಟ್ರು. ಅವರ ಮನೆ ಮುಂದಿನ ಲೈನ್ ಮಾತ್ರ ಸಿಂಗಲ್ ಟ್ರ್ಯಾಕೇ ಉಳೀತು.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಗೆರೆಟ್ಸ್‌ರೀಡ್ ವಿಷ್ಯದಲ್ಲಿ. ವೊಲ್ಫ್‌ರಾಟ್ಸ್‌ಹೌಸನ್ ಪಕ್ಕದ ಕಾಡಲ್ಲಿ ನಾಝಿ ಕಾಲದಲ್ಲಿ ಎರಡು ಮದ್ದುಗುಂಡು ಫ್ಯಾಕ್ಟರಿ ಇತ್ತು, ಯುದ್ಧ ಮುಗಿದ್ಮೇಲೆ ಪೂರ್ವದ ಕಡೆಯಿಂದ ಮನೆ ಮಠ ಕಳ್ಕೊಂಡು ಬಂದ ಜರ್ಮನ್ ನಿರಾಶ್ರಿತರು ಆ ಫ್ಯಾಕ್ಟರಿ ಕಟ್ಟಡಗಳಲ್ಲೇ ಬೀಡು ಬಿಟ್ಟು ಊರು ಕಟ್ಟಿದ್ರು, ಅದೇ ಗೆರೆಟ್ಸ್‌ರೀಡ್. ಅಲ್ಲೇ ಹತ್ರ ಫ್ಯೋರೆನ್‌ವಾಲ್ಡ್‌ನಲ್ಲಿ ಬದುಕುಳಿದ ಯಹೂದಿಗಳ ಶಿಬಿರ 1957ರ ತನಕ ಇತ್ತು, ಈಗ ಅದರ ನೆನಪಿಗೆ ಬಾಡೆಹೌಸ್ ಅನ್ನೋ ಸಣ್ಣ ಮ್ಯೂಸಿಯಂ ಇದೆ, ಬಿಡುವು ಮಾಡ್ಕೊಂಡು ನೋಡಿ, ಖಂಡಿತ ನೋಡಿ. ಇವತ್ತು ಗೆರೆಟ್ಸ್‌ರೀಡ್ ಆ ಜಿಲ್ಲೇಲೇ ದೊಡ್ಡ ಊರು, 25,000 ಹತ್ರ ಜನ, ಆದ್ರೆ ಪ್ಯಾಸೆಂಜರ್ ಟ್ರೈನ್ ಇಲ್ಲ! ಎಸ್7 ಲೈನನ್ನ ಸುಮಾರು 9 ಕಿಲೋಮೀಟರ್ ಮುಂದಕ್ಕೆ ಎಳೆದು ಗೆಲ್ಟಿಂಗ್, ಗೆರೆಟ್ಸ್‌ರೀಡ್ ಮಿಟ್ಟೆ, ಗೆರೆಟ್ಸ್‌ರೀಡ್ ಜೂಡ್ ಅಂತ ಮೂರು ಸ್ಟೇಷನ್ ಮಾಡೋ ಪ್ಲಾನ್ ದಶಕಗಳಿಂದ ಕಾಗದದ ಮೇಲಿದೆ. ರೋಡ್ ಕ್ರಾಸಿಂಗ್ ಬೇಡ, ವೊಲ್ಫ್‌ರಾಟ್ಸ್‌ಹೌಸನ್‌ನಲ್ಲಿ ಟ್ರ್ಯಾಕ್ ಕೆಳಗಿಳಿಸಿ ಅಂತ ಒಂದಷ್ಟು ವರ್ಷ, ಆಮೇಲೆ ಡ್ರಾಯಿಂಗ್ ಬದಲಾಯ್ತು ಅಂತ ಒಂದಷ್ಟು ವರ್ಷ. ಬೆಂಗಳೂರು ಸಬ್‌ಅರ್ಬನ್ ರೈಲಿಗೆ ಕಾದು ಕಾದು ಅಭ್ಯಾಸ ಆಗಿರೋ ನಮಗೆ ಇದು ಹೊಸದೇನಲ್ಲ, ಆದ್ರೆ ಜರ್ಮನೀಲಿ ಎಲ್ಲಾ ಟೈಮಿಗೆ ಸರಿಯಾಗಿ ಆಗತ್ತೆ ಅಂತ ಊರಲ್ಲಿ ಹೇಳ್ಕೊಂಡು ಓಡಾಡೋರಿಗೆ ಇದನ್ನ ತೋರ್ಸಬೇಕು.

ಟ್ರೈನ್ ಬಗ್ಗೆ ಎರಡು ಮಾತು. ಡಬ್ಬಿಗಳು ಕ್ಲೀನು, ಕಿಟಕಿ ದೊಡ್ಡದು, ಆದ್ರೆ ಟಾಯ್ಲೆಟ್ ಇಲ್ಲ, ಮ್ಯೂನಿಕ್ ಎಸ್-ಬಾನ್‌ನ 423 ಮಾಡೆಲ್‌ಗಳಲ್ಲಿ ಇಡಲೇ ಇಲ್ಲ, ಮಕ್ಕಳಿರೋರು ಹೊರಡೋ ಮುಂಚೆ ಮುಗಿಸ್ಕೊಂಡು ಹತ್ತಿ. ವಾರದ ದಿನ ಬೆಳಗ್ಗೆ ಸಂಜೆ ರಶ್ ಅವರ್‌ನಲ್ಲಿ ಸೈಕಲ್ ಬಿಡಲ್ಲ. ಜರ್ಮನಿ ಟಿಕೆಟ್ (ದೇಶಕ್ಕೆಲ್ಲ ನಡೆಯೋ ತಿಂಗಳ ಪಾಸು) ಇದ್ರೆ ಬೇರೆ ಟಿಕೆಟ್ ಬೇಡ, ಇಲ್ದಿದ್ರೆ ಗ್ರೂಪ್ ಡೇ ಟಿಕೆಟ್ ತಗೊಳ್ಳಿ, ಐದು ಜನ ದೊಡ್ಡೋರ ತನಕ ಒಂದರಲ್ಲೇ ಆಗತ್ತೆ. ಮನೆ ನೋಡ್ತಿರೋರಿಗೆ, ಪುಲ್ಲಾಖ್ ಇಕ್ಕಿಂಗ್ ಕಡೆ ಬಾಡಿಗೆ ಕಮ್ಮಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಅದು ಶ್ರೀಮಂತರ ಕಣಿವೆ, ಹೈಲ್‌ಮನ್ ಕಾಲದಿಂದಲೂ. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗೋ ಕೆಲಸ ಆದ್ರೆ ವೊಲ್ಫ್‌ರಾಟ್ಸ್‌ಹೌಸನ್ ಓಕೆ, ದಿನಾ ಹೋಗ್ಬೇಕಾದ್ರೆ ಹ್ಯೋಲ್‌ರೀಗೆಲ್ಸ್‌ಕ್ರೊಯ್ತ್ ಆಚೆಗೆ ಹೋಗ್ಬೇಡಿ, ಅದರ ಮುಂದೆ ಸಿಂಗಲ್ ಟ್ರ್ಯಾಕೇ.

ಇನ್ನು ಸೈಕಲ್ ತುಳಿಯೋರಿಗೆ ಒಂದು ಐಡಿಯಾ, ವೊಲ್ಫ್‌ರಾಟ್ಸ್‌ಹೌಸನ್‌ನಲ್ಲಿ ಇಳಿದು ಹಳೇ ಲೈನ್ ಹೋಗ್ತಿದ್ದ ಕಡೆಗೇ ಬಿಖ್ಲ್ ತನಕ ಸೈಕಲ್ ದಾರಿ ಇದೆ, ಹಳಿ ಕಿತ್ತ ಜಾಗದಲ್ಲೇ ಬಹಳಷ್ಟು ದೂರ ಹೋಗತ್ತೆ, ಟ್ರೈನ್ ಹೋಗ್ತಿದ್ದ ಜಾಗ ಆದ್ದರಿಂದ ದೊಡ್ಡ ಏರು ಇಲ್ಲ. ಬಿಖ್ಲ್ ಸ್ಟೇಷನ್ ಇನ್ನೂ ಚಾಲ್ತೀಲಿದೆ, ಕೋಖೆಲ್ ಲೈನಿನ ಟ್ರೈನ್ ಹಿಡಿದು ಟುಟ್ಸಿಂಗ್ ಮೇಲೆ ಮ್ಯೂನಿಕ್‌ಗೆ ವಾಪಸ್ ಬರ್ಬೋದು, ಸೈಕಲ್‌ಗೆ ಬೇರೆ ಟಿಕೆಟ್ ತಗೊಳ್ಳೋದು ಮರೀಬೇಡಿ.