ಹೇಮಾವತಿ ಹಿನ್ನೀರಿನ ದೋಣಿಗೆ ಎಂಥ ಜಿಪಿಎಸ್ ಆಂಟೆನಾ?

ಗೊರೂರಿನ ಹೇಮಾವತಿ ಜಲಾಶಯದಲ್ಲಿ ತೆರೆದ ಫೈಬರ್ ದೋಣಿಯಿಂದ ಮೀನು ಹಿಡಿಯುವವರಿಗೆ ಫಿಶ್ ಫೈಂಡರ್‌ನ (ಶಬ್ದತರಂಗದಿಂದ ನೀರಿನ ತಳವನ್ನೂ ಮೀನನ್ನೂ ಪರದೆಯ ಮೇಲೆ ತೋರಿಸುವ ಯಂತ್ರ) ಒಳಗೇ ಇರುವ ಜಿಪಿಎಸ್ ಆಂಟೆನಾ ಸಾಕು ಎಂಬುದು ಗಾರ್ಮಿನ್ ಸ್ಟ್ರೈಕರ್ ಪ್ಲಸ್ 4 ಬಳಸಿದ ಮೇಲೆ ನಾನು ತಳೆದಿರುವ ಅಭಿಪ್ರಾಯ. 4.3 ಅಂಗುಲದ ಪರದೆಯ ಈ ಸಣ್ಣ ಯಂತ್ರ, ದೋಣಿ ಸಾಗಿದಂತೆ ತಳದ ಏರುತಗ್ಗುಗಳ ನಕ್ಷೆಯನ್ನು ತಾನೇ ಬರೆದುಕೊಳ್ಳುತ್ತದೆ. ಇದಕ್ಕೆ ಹೊರಗಿನ ಆಂಟೆನಾ ಜೋಡಿಸುವ ಕಿಂಡಿಯೇ ಇಲ್ಲ. ಅದನ್ನು ದೊಡ್ಡ ಕೊರತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹೊರಗಿನ ಆಂಟೆನಾ ಬೇಕೇ ಬೇಕೆಂಬ ಸಲಹೆ ಹುಟ್ಟಿದ್ದು ಸಮುದ್ರದ ದೋಣಿಗಳಿಂದ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಬರುವ ಸಂಕೇತ ಬಹಳ ದುರ್ಬಲವಾಗಿರುವುದರಿಂದ, ಮಲ್ಪೆಯ ಉಕ್ಕಿನ ಟ್ರಾಲರ್‌ನ ಕ್ಯಾಬಿನ್ ಒಳಗೆ ಕೂತ ಯಂತ್ರಕ್ಕೆ ಅದು ತಲುಪುವುದು ಕಷ್ಟ. ನಮ್ಮ ದೋಣಿಗಳಿಗೆ ಮೇಲಿರುವುದು ಆಕಾಶ ಮಾತ್ರ. ಮಳೆಗೆ ಹೊದಿಸುವ ಟಾರ್ಪಾಲಾಗಲಿ, ಫೈಬರ್ ಆಗಲಿ ಸಂಕೇತವನ್ನು ತಡೆಯುವುದಿಲ್ಲ. ಜನ ದೂರುವ ಮಲೆನಾಡಿನ ಮಳೆಯೂ ಈ ತರಂಗಕ್ಕೆ ಲೆಕ್ಕಕ್ಕಿಲ್ಲ. ತಗಡಿನ ಚಾವಣಿ ಇದ್ದರೆ ಮಾತ್ರ ಮಾತು ಬೇರೆ.

ನಿಖರತೆಯ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಯಂತ್ರ ಗುರುತು ಹಾಕುವುದು ಆಂಟೆನಾ ಇರುವ ಜಾಗವನ್ನೇ ಹೊರತು ನೀರಿನೊಳಗೆ ಶಬ್ದತರಂಗ ಬಿಟ್ಟು ತಳವನ್ನು ನೋಡುವ ಟ್ರಾನ್ಸ್‌ಡ್ಯೂಸರ್ ಇರುವ ಜಾಗವನ್ನಲ್ಲ. ಹದಿನಾಲ್ಕು ಅಡಿಯ ದೋಣಿಯಲ್ಲಿ ಆಂಟೆನಾ ಒಳಗಿರುವ ಪರದೆ ಮುಂದೆ, ಟ್ರಾನ್ಸ್‌ಡ್ಯೂಸರ್ ಹಿಂದೆ ಇದ್ದರೆ, ಮುಳುಗಿದ ಮರದ ಬೊಡ್ಡೆ ಪರದೆಯಲ್ಲಿ ಕಂಡ ಕ್ಷಣ ಒತ್ತಿದ ಗುರುತು ಸುಮಾರು 4 ಮೀಟರ್ ಮುಂದೆ ಬೀಳುತ್ತದೆ. ಮರುದಿನ ಎದುರು ದಿಕ್ಕಿನಿಂದ ಬಂದು ಅದೇ ಗುರುತಿನ ಮೇಲೆ ನಿಂತರೆ ಟ್ರಾನ್ಸ್‌ಡ್ಯೂಸರ್ ಬೊಡ್ಡೆಯಿಂದ 8 ಮೀಟರ್ ದೂರದಲ್ಲಿರುತ್ತದೆ. ಬಯಲಿನಲ್ಲಿ ಜಿಪಿಎಸ್‌ನ ಸಹಜ ತಪ್ಪೇ 3ರಿಂದ 5 ಮೀಟರ್ ಇರುವಾಗ ಇದು ಅದಕ್ಕಿಂತ ದೊಡ್ಡದು. ಪರದೆಯನ್ನು ಹಿಂಬದಿಯಲ್ಲಿ, ಮೋಟಾರಿನ ಹಿಡಿಯ ಬಳಿಯೇ ಕೂರಿಸಿದರೆ ಈ ತೊಡಕು ಬಿಡಿಗಾಸಿನ ಖರ್ಚಿಲ್ಲದೆ ನೀಗುತ್ತದೆ. ಎರಡೂ ಹತ್ತಿರವೇ ಇರುವ ಸಣ್ಣ ತೆಪ್ಪದಲ್ಲಂತೂ ಈ ಚಿಂತೆಯೇ ಇಲ್ಲ.

ಇದನ್ನು ಪರೀಕ್ಷಿಸಲು ಹೇಮಾವತಿಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚ್ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಬುಡದವರೆಗೂ ಕಾಣುವಷ್ಟು ನೀರು ಏರಿಳಿಯುವುದರಿಂದ, ಮೇ ತಿಂಗಳಲ್ಲಿ ಒಣನೆಲದ ಮೇಲೆ ನಡೆದು ಬೊಡ್ಡೆಯೊಂದರ ಪಕ್ಕ ಗುರುತು ಹಾಕಿಕೊಂಡು, ನೀರು ತುಂಬಿದ ಮೇಲೆ ಅದೇ ಬೊಡ್ಡೆಯನ್ನು ಹುಡುಕಬಹುದು. ಪರದೆ ಹಿಂಬದಿಗೆ ಬಂದ ಮೇಲೆ ನನಗೆ ಗುರುತಿನ ಸುತ್ತ ಒಂದು ಸಣ್ಣ ಸುತ್ತು ಹಾಕುವಷ್ಟರಲ್ಲಿ ಬೊಡ್ಡೆ ಸಿಗುತ್ತದೆ. ಬಲೆ ಎಲ್ಲಿ ಬಿಡಬಾರದೆಂದು ತಿಳಿಯಲು ಅಷ್ಟು ಸಾಕು.

ಗಾರ್ಮಿನ್ ಜಿಪಿಎಸ್ 19ಎಕ್ಸ್‌ನಂಥ ಹೊರ ಆಂಟೆನಾಗಳು ಸೆಕೆಂಡಿಗೆ ಹತ್ತು ಸಲ ಸ್ಥಾನ ತಿಳಿಸುತ್ತವೆ ಎಂಬುದು ಜಾಹೀರಾತಿನ ದೊಡ್ಡ ಮಾತು. ಗಂಟೆಗೆ 5 ಕಿಲೋಮೀಟರ್ ವೇಗದ ದೋಣಿ ಸೆಕೆಂಡಿಗೆ ಚಲಿಸುವುದೇ 1.4 ಮೀಟರ್, ಸೆಕೆಂಡಿಗೆ ಒಂದೇ ಸಲ ತಿಳಿದರೂ ನಷ್ಟವೇನು?

ದೋಣಿಯ ಮುಖ ಎತ್ತ ಎಂಬುದನ್ನು ಮಾತ್ರ ಬರೀ ಜಿಪಿಎಸ್ ಹೇಳಲಾರದು. ಗಾಳಿಗೆ ತೇಲುತ್ತ ನಿಂತಾಗ ನಕ್ಷೆಯ ಮೇಲಿನ ಬಾಣ ಮನಬಂದಂತೆ ತಿರುಗುತ್ತದೆ. ಅದು ಸ್ಥಿರವಾಗಿ ನಿಲ್ಲಬೇಕೆನ್ನುವವರು ಲೋರೆನ್ಸ್ ಪಾಯಿಂಟ್-1ರಂತೆ ದಿಕ್ಸೂಚಿಯೂ ಇರುವ ಆಂಟೆನಾ ಕೊಳ್ಳುವುದು ನ್ಯಾಯ. ಆದರೆ ತಮ್ಮ ಫಿಶ್ ಫೈಂಡರ್‌ಗೆ ಎನ್‌ಎಮ್‌ಇಎ 2000 (ದೋಣಿಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸಂಪರ್ಕ ಪದ್ಧತಿ) ಕಿಂಡಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಆ ಸಂಪರ್ಕದ ಮುಖ್ಯ ತಂತಿಯ ಎರಡೂ ತುದಿಗೆ ಬೇಕಾದ ಟರ್ಮಿನೇಟರ್ ಎಂಬ ಮುಚ್ಚುಬಿರಡೆಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, ಕಬ್ಬಿಣದ ಲಂಗರು ಮತ್ತು ಮೋಟಾರಿನಿಂದ ಆ ಆಂಟೆನಾವನ್ನು ದೂರವಿಡಬೇಕು.