ಹೊಸ ಡೀನ್: ಒಳಗಿನವರೋ, ಹೊರಗಿನವರೋ?

ಡೀನ್, ಅಂದರೆ ಕಾಲೇಜಿನ ಮುಖ್ಯಸ್ಥರ ಕುರ್ಚಿ ಖಾಲಿಯಾದಾಗ ಆಯ್ಕೆ ಸಮಿತಿಗೆ ಎದುರಾಗುವ ಮೊದಲ ಪ್ರಶ್ನೆ ಇದೇ ಅಲ್ವಾ?

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಒಳಗಿನವರನ್ನು ಆರಿಸಿತು. 2021ರ ಜನವರಿಯಲ್ಲಿ ನಿತಿನ್ ನೊಹ್ರಿಯಾ ಅವರ ಜಾಗಕ್ಕೆ ಬಂದ ಶ್ರೀಕಾಂತ್ ದಾತಾರ್ 1996ರಿಂದ ಅಲ್ಲೇ ಪಾಠ ಮಾಡುತ್ತಿದ್ದವರು. ಕೋವಿಡ್ ಕಾಲ ಬೇರೆ. ಅಂಥ ಹೊತ್ತಲ್ಲಿ ಮೂಲೆ ಮೂಲೆ ಬಲ್ಲ ಮನೆಯವರೇ ವಾಸಿ.

ಚಿಕಾಗೋ ವಿಶ್ವವಿದ್ಯಾಲಯದ ಬೂತ್ ಬಿಸಿನೆಸ್ ಸ್ಕೂಲ್ 2011ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಸುನಿಲ್ ಕುಮಾರ್ ಅವರನ್ನು ಕರೆಸಿತು. ನಮಗೆ ಖುಷಿಯ ವಿಷಯ, ಇವರು ಮಂಗಳೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರರು. ಬೆಂಗಳೂರಿನ ಐಐಎಸ್‌ಸಿಯಲ್ಲೂ ಓದಿದವರು. ಹೊರಗಿನಿಂದ ಬಂದವರಿಗೆ ಹಳೇ ಬಣಗಳ ಹಂಗಿಲ್ಲ. ಆದರೆ ಜನರನ್ನು ಅರಿಯಲು ಸಮಯ ಬೇಕು. ಹುಡುಕಾಟಕ್ಕೂ ಜಾಸ್ತಿ ದಿನ ಹಿಡಿಯುತ್ತದೆ. 2016ರಲ್ಲಿ ಕುಮಾರ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹೋದಾಗ ಬೂತ್ ಹಂಗಾಮಿ ಡೀನ್ ಇಟ್ಟುಕೊಂಡು ಹುಡುಕಿತು. 2017ರಲ್ಲಿ ಮತ್ತೆ ಸ್ಟ್ಯಾನ್‌ಫರ್ಡ್‌ನಿಂದಲೇ ಮಾಧವ ರಾಜನ್ ಬಂದರು.

ನನ್ನನ್ನು ಕೇಳಿದರೆ, ಕಾಲೇಜು ಚೆನ್ನಾಗಿ ನಡೆಯುತ್ತಿದ್ದರೆ ಒಳಗಿನವರು. ಗುಂಪುಗಾರಿಕೆಯಿಂದ ಕೆಲಸ ನಿಂತಿದ್ದರೆ ಹೊರಗಿನವರು. ಸುಮ್ನೆ ಸೀನಿಯಾರಿಟಿ ನೋಡಿ ಕುರ್ಚಿ ಕೊಡಬೇಡಿ. ಹಂಗಾಮಿ ಡೀನ್ ನೇಮಿಸುವುದಾದರೆ ಎಷ್ಟು ತಿಂಗಳು ಎಂದು ಮೊದಲೇ ಎಲ್ಲರಿಗೂ ಹೇಳಿಬಿಡಿ.