ಗಾರ್ಮಿನ್ ಫೋರ್‌ರನ್ನರ್ 55: ಮುಂಬೈ ಸೆಕೆಯಲ್ಲಿ ಮತ್ತೆ ಓಡಲು ಹೊರಟವರಿಗೆ

ಓಟ ಬಿಟ್ಟು ವರ್ಷಗಳಾದ ಮೇಲೆ ಮತ್ತೆ ಶುರು ಮಾಡುವವರಿಗೆ ಈ ವಾಚ್ ಧಾರಾಳ ಸಾಕು. ಈಗಾಗಲೇ ಕೋಚ್ ಹತ್ತಿರ ತರಬೇತಿ ಪಡೆಯುತ್ತಾ ಒಂದೊಂದು ನಿಮಿಷ ಕಡಿಮೆ ಮಾಡಲು ಹೊರಟವರು ಇದಕ್ಕೆ ದುಡ್ಡು ಹಾಕಬೇಕಿಲ್ಲ. ಹೋದ ವರ್ಷದ ಮಳೆಗಾಲಕ್ಕೂ ಮುಂಚಿನಿಂದ ಇದು ನನ್ನ ಕೈಯಲ್ಲಿದೆ. ಮನೆ ಮಾಟುಂಗಾದಲ್ಲಿ. ವಾರದ ದಿನ ಫೈವ್ ಗಾರ್ಡನ್ಸ್ ಅಥವಾ ಶಿವಾಜಿ ಪಾರ್ಕ್, ಭಾನುವಾರ ಮರೀನ್ ಡ್ರೈವ್.

ಇದು 2021ರಲ್ಲಿ ಬಂದ ಮಾಡೆಲ್. ತೂಕ 37 ಗ್ರಾಂ. ಟಚ್ ಇಲ್ಲ, ಐದು ಗುಂಡಿ ಇವೆ. ಇದು ಕೊರತೆ ಅಂತ ನಿಮಗೆ ಅನಿಸಬಹುದು, ಆದರೆ ಜುಲೈ ತಿಂಗಳ ಮುಂಬೈಯಲ್ಲಿ ಓಡಿ ನೋಡಿ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಬಗ್ಗುವುದಿಲ್ಲ, ಗುಂಡಿ ಬಗ್ಗುತ್ತದೆ. ಪರದೆ ಮೊಬೈಲಿನ ಹಾಗೆ ಮಿಂಚುವುದಿಲ್ಲ. ಆದರೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ. ಜಿಪಿಎಸ್ ಹಾಕಿಕೊಂಡರೆ 20 ಗಂಟೆ, ಸುಮ್ನೆ ಕಟ್ಟಿಕೊಂಡರೆ ಎರಡು ವಾರದವರೆಗೆ ಚಾರ್ಜ್ ನಿಲ್ಲುತ್ತದೆ ಅನ್ನುವುದು ಕಂಪನಿಯ ಲೆಕ್ಕ. ಹೆಚ್ಚುಕಮ್ಮಿ ದಿನಾ ಓಡುವ ನನಗೆ ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುತ್ತದೆ. ವಾಚಿನಲ್ಲಿ ಹಾಡು ತುಂಬಿಕೊಳ್ಳಲು ಆಗುವುದಿಲ್ಲ. ಹಾಡು ಬೇಕಿದ್ದವರು ಫೋನ್ ಹೊತ್ತುಕೊಂಡೇ ಓಡಬೇಕು.

ಇನ್ನು ಮುಖ್ಯ ವಿಷಯ. ಬಿಟ್ಟು ಮತ್ತೆ ಓಡುವವರಿಗೆ ದೊಡ್ಡ ಶತ್ರು ಹಳೆಯ ಪೇಸ್‌ನ, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುತ್ತಿದ್ದ ಸಮಯದ, ನೆನಪು. "ಮೊದಲು ಆರು ನಿಮಿಷಕ್ಕೆ ಕಿಲೋಮೀಟರ್ ಓಡುತ್ತಿದ್ದೆ" ಅನ್ನುವುದು ತಲೆಯಲ್ಲಿ ಕೂತಿರುತ್ತದೆ. ಅದನ್ನು ಇಳಿಸಲು ನಾನು ಮಾಡಿದ್ದು ಇಷ್ಟೇ: ಓಡುವಾಗ ಕಾಣುವ ಪರದೆಯಿಂದ ಪೇಸ್ ತೆಗೆದುಹಾಕಿದೆ. ಹಾರ್ಟ್ ರೇಟ್ ಮಾತ್ರ ಉಳಿಸಿ, ಅದಕ್ಕೊಂದು ಮೇಲಿನ ಮಿತಿ ಇಟ್ಟು ಅಲರ್ಟ್ ಹಾಕಿದೆ. ಮಿತಿ ದಾಟಿದರೆ ಕೈ ಮೇಲೆ ವೈಬ್ರೇಟ್ ಆಗುತ್ತದೆ, ನಾನು ನಡೆಯುತ್ತೇನೆ. ಮಿತಿ ಇಡುವಾಗ ಒಂದು ಎಚ್ಚರಿಕೆ. ಗರಿಷ್ಠ ಹೃದಯ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕ ಬರೀ ಅಂದಾಜು, ಎಲ್ಲರಿಗೂ ಹೊಂದುವುದಿಲ್ಲ. ಪೂರ್ತಿ ವಾಕ್ಯ ಮಾತಾಡುತ್ತಾ ಓಡಲು ಆಗುತ್ತಿದೆಯಾ ಅಂತ ನೋಡಿಕೊಂಡು ನಿಮ್ಮ ಮಿತಿ ಹೊಂದಿಸಿಕೊಳ್ಳಿ.

ನಮ್ಮ ಊರಿನ ಹವೆಗೆ ಇದು ಇನ್ನೂ ಜಾಸ್ತಿ ಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದೆ ಮೈ ತಣ್ಣಗಾಗುವುದಿಲ್ಲ. ಆಗ ಹೃದಯ ಕಾಲಿನ ಸ್ನಾಯುಗಳಿಗೂ ರಕ್ತ ಕಳಿಸಬೇಕು, ಮೈ ತಂಪು ಮಾಡಲು ಚರ್ಮಕ್ಕೂ ಕಳಿಸಬೇಕು. ಹಾಗಾಗಿ ಅದೇ ಪೇಸ್‌ಗೆ ಬಡಿತ ಮಾತ್ರ ಏರುತ್ತಾ ಹೋಗುತ್ತದೆ. ರಜೆಯಲ್ಲಿ ಮೈಸೂರಿಗೆ ಹೋದಾಗ ಕುಕ್ಕರಹಳ್ಳಿ ಕೆರೆ ಸುತ್ತ ಅದೇ ಮಿತಿಯಲ್ಲಿ ಓಡಿದೆ. ಎಷ್ಟು ಬೇಗ ಸುತ್ತು ಮುಗಿಯಿತು ಅಂದರೆ, ವಾಪಸ್ ಮುಂಬೈಗೆ ಬರಲೇ ಮನಸ್ಸಿರಲಿಲ್ಲ. ವಾಚ್ ತೋರಿಸುವ ರೇಸ್ ಟೈಮ್ ಅಂದಾಜನ್ನು ಇದೇ ಕಾರಣಕ್ಕೆ ನಾನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಮಣಿಕಟ್ಟಿನಲ್ಲಿ ಬೆಳಕು ಹಾಯಿಸಿ ಬಡಿತ ಎಣಿಸುವ ಯಾವ ವಾಚಿಗೂ ಒಂದು ಮಿತಿ ಇದೆ. ಕೆಲವೊಮ್ಮೆ ಬಡಿತದ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ಆರಾಮಾಗಿ ಓಡುತ್ತಿದ್ದರೂ 170 ತೋರಿಸಿದರೆ ಅನುಮಾನಪಡಿ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿದರೆ ಎಷ್ಟೋ ವಾಸಿ. ಜೋರಾಗಿ ಓಡಿ, ನಡುವೆ ನಿಧಾನಿಸಿ, ಮತ್ತೆ ಜೋರಾಗಿ ಓಡುವ ಇಂಟರ್ವಲ್ ಓಟಕ್ಕೆ ಎದೆಗೆ ಕಟ್ಟುವ ಪಟ್ಟಿಯೇ ಸರಿ. ಅದು ಈ ವಾಚಿಗೆ ಜೋಡಣೆಯಾಗುತ್ತದೆ. ಜಿಪಿಎಸ್ ಕಥೆಯೂ ಹೀಗೆಯೇ. ಒಂದು ಕಡೆ ಪೂರ್ತಿ ಸಮುದ್ರ ಇರುವ ಮರೀನ್ ಡ್ರೈವ್‌ನಲ್ಲಿ ಓಡಿದ ದಾರಿಯ ಗೆರೆ ಮ್ಯಾಪ್‌ನಲ್ಲಿ ನೀಟಾಗಿ ಬರುತ್ತದೆ. ಫೋರ್ಟ್ ಕಡೆಯ ಕಟ್ಟಡಗಳ ನಡುವೆ ಅಷ್ಟು ನೀಟಾಗಿ ಬರುವುದಿಲ್ಲ.

ಓಟ ಮುಗಿದ ಮೇಲೆ ಎಷ್ಟು ಗಂಟೆ ವಿಶ್ರಾಂತಿ ಬೇಕು ಅಂತಲೂ ತೋರಿಸುತ್ತದೆ. ಒಳ್ಳೆಯದೇ. ಆದರೆ ಅದು ಹೃದಯ ಪಟ್ಟ ಶ್ರಮದ ಲೆಕ್ಕ. ಉಸಿರು ಕೆಲವು ವಾರಗಳಲ್ಲಿ ದಾರಿಗೆ ಬರುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೊಣಕಾಲ ಕೆಳಗಿನ ನೋವು ವಾಚಿಗೆ ಹೇಗೆ ಗೊತ್ತಾಗಬೇಕು? ವಿಶ್ರಾಂತಿ ಸಾಕು ಅಂತ ಅದು ಹೇಳಿದರೂ ನೋವಿರುವ ದಿನ ನಾನು ಓಡುವುದಿಲ್ಲ.

ರೇಸ್‌ಗೆ ತಯಾರಿ ಮಾಡುವವರು ಒಂದು ವ್ಯತ್ಯಾಸ ತಿಳಿದಿರಬೇಕು. ವಾಚ್ ದಿನಾ ಬೆಳಗ್ಗೆ "ಇವತ್ತು ಇಷ್ಟು ಓಡು" ಅಂತ ಸೂಚಿಸುತ್ತದಲ್ಲ, ಅದಕ್ಕೆ ನಿಮ್ಮ ರೇಸ್ ಯಾವತ್ತು ಅನ್ನುವುದು ಗೊತ್ತಿಲ್ಲ. ತಾರೀಕು ಕೊಟ್ಟು ತಯಾರಾಗಲು ಫೋನಿನ ಗಾರ್ಮಿನ್ ಆ್ಯಪ್‌ನಲ್ಲಿರುವ ಗಾರ್ಮಿನ್ ಕೋಚ್ ಬಳಸಬೇಕು. 5 ಕಿ.ಮೀ., 10 ಕಿ.ಮೀ., ಹಾಫ್ ಮ್ಯಾರಥಾನ್‌ಗೆ ಪ್ಲಾನ್‌ಗಳಿವೆ. ನಾನು ಆರಿಸಿಕೊಂಡದ್ದು ಜೆಫ್ ಗ್ಯಾಲೋವೇ ಅವರದ್ದು. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಸುಸ್ತಾಗುವ ಮುಂಚೆಯೇ ನಡುನಡುವೆ ನಡೆಯಬೇಕು ಅನ್ನುವುದು ಅವರ ಪದ್ಧತಿ. ಮತ್ತೆ ಶುರು ಮಾಡುವವರಿಗೆ ಇದಕ್ಕಿಂತ ಹೊಂದುವ ಪ್ಲಾನ್ ನನಗೆ ಕಂಡಿಲ್ಲ. ಜೊತೆಗೆ ಓಡುವ ಕುಂದಾಪುರದ ಗೆಳೆಯನಿಗೆ ಮಾತ್ರ ಇದು ತಮಾಷೆ. ಓಟ ಮುಗಿಸಿ ಇಡ್ಲಿಗೆ ಕೂತಾಗಲೆಲ್ಲ ಕೇಳುತ್ತಾನೆ: "ಎಂತ ಮಾರಾಯ, ನಡೆಯಲಿಕ್ಕೂ ವಾಚ್ ಬೇಕಾ ನಿನಗೆ?"

ಟಾಟಾ ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಗುರಿ ಅದೇ ಆಗಿದ್ದರೆ ಮಳೆಗಾಲವಿಡೀ ನಿಧಾನದ ಓಟ ಓಡಿ, ಹಾಫ್‌ನ ಪ್ಲಾನ್ ಅಕ್ಟೋಬರ್ ಮೊದಲಲ್ಲಿ ಶುರು ಮಾಡಿ. ಅಕ್ಟೋಬರ್ ಸೆಕೆಯಲ್ಲಿ ಪೇಸ್ ಕುಸಿಯುತ್ತದೆ, ಗಾಬರಿ ಬೇಡ. ಡಿಸೆಂಬರ್ ಬೆಳಗಿನ ತಂಪಿಗೆ ತಾನೇ ಸುಧಾರಿಸುತ್ತದೆ. ಹಾಫ್‌ನ ದಾರಿ ಮಾಹಿಮ್‌ನಿಂದ ಶುರುವಾಗಿ ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆ ದಾಟುತ್ತದೆ. ಉಳಿದ ದಿನ ಅಲ್ಲಿ ಕಾಲ್ನಡಿಗೆಗೆ ಬಿಡುವುದಿಲ್ಲ, ಅಭ್ಯಾಸದ ಮಾತೇ ಇಲ್ಲ. ಆದರೆ ಆಮೇಲೆ ಬರುವ ಪೆಡ್ಡರ್ ರೋಡ್ ಏರು ವರ್ಷವಿಡೀ ಅಲ್ಲೇ ಇರುತ್ತದೆ. ಭಾನುವಾರ ಬೆಳಗ್ಗೆ ಟ್ರಾಫಿಕ್ ಶುರುವಾಗುವ ಮೊದಲು ಹತ್ತಿ ಇಳಿದು ಬನ್ನಿ. ಈ ವಾಚಿನಲ್ಲಿ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇಲ್ಲ. ಏರಿನ ಲೆಕ್ಕಕ್ಕೆ ಅದನ್ನು ನಂಬದೆ ಉಸಿರನ್ನು ನೋಡಿಕೊಂಡು ಹತ್ತಿ.

ಹೊಸ ಮಾಡೆಲ್‌ಗಳು ಬಂದಿವೆ. ಫೋರ್‌ರನ್ನರ್ 165ರಲ್ಲಿ ಪರದೆ ಬಣ್ಣಬಣ್ಣವಾಗಿ ಹೊಳೆಯುತ್ತದೆ, ಟಚ್ ಕೂಡ ಇದೆ. ಬೆಲೆಯೂ ಜಾಸ್ತಿ. 55 ಒಳ್ಳೆಯ ರಿಯಾಯಿತಿಯಲ್ಲಿ ಸಿಕ್ಕರೆ ತಗೊಳ್ಳಿ, ಉಳಿದ ದುಡ್ಡಲ್ಲಿ ಎದೆಯ ಪಟ್ಟಿ ತಗೊಳ್ಳಿ. ಎರಡರ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ 165ಕ್ಕೇ ಹೋಗಿ.